ಆಫ್ರಿಕಾದ ಅಪರಿಚಿತ ಪ್ರಾಣಿಗಳನ್ನು ಮೈಸೂರಿನಿಂದಲೇ ಅರಿಯುವ ಬಗೆ

ಆಫ್ರಿಕಾ ಎಂದೊಡನೆ ಸಿಂಹ, ಜಿರಾಫೆ, ಜೀಬ್ರಾಗಳು ಕಣ್ಣ ಮುಂದೆ ಬರುತ್ತವೆ. ಸುಮಾರು ಮೂರು ಕೋಟಿ ಚದರ ಕಿಲೋಮೀಟರ್ ವಿಸ್ತಾರದ ಆ ಖಂಡದಲ್ಲಿ ನಾವು ಹೆಸರನ್ನೂ ಕೇಳಿರದ ನೂರಾರು ಸಸ್ತನಿಗಳಿದ್ದು, ಅವುಗಳ ಪರಿಚಯ ನಮಗೆ ಹೆಚ್ಚಾಗಿ ‘ವಿಚಿತ್ರ ಪ್ರಾಣಿಗಳು’ ಎಂಬ ಪಟ್ಟಿಗಳ ಮೂಲಕವೇ ಆಗುತ್ತದೆ. ಇಂಥ ಪಟ್ಟಿಗಳು ಆ ಹೊತ್ತಿಗೆ ಬೆರಗು ಹುಟ್ಟಿಸಿದರೂ ಮನಸ್ಸಿನಲ್ಲಿ ಉಳಿಯುವುದಿಲ್ಲ, ಏಕೆಂದರೆ ಒಂದು ಪ್ರಾಣಿಗೂ ಮತ್ತೊಂದಕ್ಕೂ ಇರುವ ಸಂಬಂಧವನ್ನು ಅವು ತಿಳಿಸುವುದಿಲ್ಲ. ಆದ್ದರಿಂದ ಮೈಸೂರು, ಮಂಡ್ಯದ ಕಡೆಯ ಓದುಗರಿಗೆ ನಾನು ಸೂಚಿಸುವ ದಾರಿ ಬೇರೆ: ನಮ್ಮ ಸೀಮೆಯ ಒಂದು ಪ್ರಾಣಿಯನ್ನು ಮೊದಲು ಚೆನ್ನಾಗಿ ತಿಳಿದುಕೊಂಡು, ಆಫ್ರಿಕಾದಲ್ಲಿರುವ ಅದರ ನಂಟರನ್ನು ಹುಡುಕಬೇಕು.

ಆರಂಭಕ್ಕೆ ಕಾಡುಪಾಪ ಒಳ್ಳೆಯದು. ದೊಡ್ಡ ಕಣ್ಣು, ಕಡ್ಡಿಯಂಥ ಕೈಕಾಲುಗಳ ಈ ನಿಶಾಚರಿ ಕೊಂಬೆಯನ್ನು ಬಿಗಿಯಾಗಿ ಹಿಡಿದು, ಒಂದೊಂದೇ ಹೆಜ್ಜೆ ಇಡುತ್ತಾ ಹುಳುಹುಪ್ಪಟೆಗಳನ್ನು ಹುಡುಕುತ್ತದೆ. ಪಶ್ಚಿಮ ಮತ್ತು ಮಧ್ಯ ಆಫ್ರಿಕಾದ ಮಳೆಕಾಡುಗಳಲ್ಲಿರುವ ಪೊಟ್ಟೊ ಇದೇ ಕುಟುಂಬದ್ದಾಗಿದ್ದು, ಅದರ ನಡಿಗೆಯೂ ಹೀಗೆಯೇ ನಿಧಾನ. ಹತ್ತಿರದ ಇನ್ನೊಂದು ಕುಟುಂಬದ ಗಲಾಗೊ ಮಾತ್ರ ಉದ್ದನೆಯ ಹಿಂಗಾಲುಗಳಿಂದ ಮರದಿಂದ ಮರಕ್ಕೆ ಚಿಮ್ಮುತ್ತದೆ. ಈ ಮೂರನ್ನೂ ಒಟ್ಟಿಗೆ ಓದಿದವರಿಗೆ ಪೊಟ್ಟೊ ಅಪರಿಚಿತವಾಗಿ ಉಳಿಯುವುದಿಲ್ಲ. ತರಕರಡಿಯ (ಇಂಗ್ಲಿಷಿನಲ್ಲಿ ಹನಿ ಬ್ಯಾಜರ್) ವಿಷಯದಲ್ಲಂತೂ ನಂಟನನ್ನು ಹುಡುಕುವ ಅಗತ್ಯವೇ ಇಲ್ಲ. ಮಂಡ್ಯ ಜಿಲ್ಲೆಯನ್ನೂ ಒಳಗೊಂಡ ಕಾವೇರಿ ವನ್ಯಜೀವಿಧಾಮದಲ್ಲಿ ಕ್ಯಾಮೆರಾ ಟ್ರ್ಯಾಪ್‌ಗೆ ಸಿಕ್ಕಿರುವ ಪ್ರಭೇದವೇ ಆಫ್ರಿಕಾದ ಬಹುಭಾಗದಲ್ಲೂ ಇದೆ. ನಾಗರಹೊಳೆ, ಬಂಡೀಪುರಗಳ ಸೀಳುನಾಯಿಯನ್ನು ಬಲ್ಲವರು ಆಫ್ರಿಕಾದ ಕಾಡುನಾಯಿಯ ಮುಂಗಾಲನ್ನು ಗಮನಿಸಬೇಕು: ಬೇರೆ ನಾಯಿಗಳಿಗೆ ಐದು ಬೆರಳುಗಳಿದ್ದರೆ ಇದಕ್ಕೆ ನಾಲ್ಕೇ.

ಎರಡನೆಯ ಹೆಜ್ಜೆ 1892ರಲ್ಲಿ ಆರಂಭವಾದ ನಮ್ಮ ಚಾಮರಾಜೇಂದ್ರ ಮೃಗಾಲಯ. ಮಂಗಳವಾರ ರಜೆ ಇರುವುದರಿಂದ ಬೇರೆ ದಿನ ಹೋಗಿ, ಎಲ್ಲವನ್ನೂ ನೋಡುವ ಆತುರವನ್ನು ಬಿಟ್ಟು, ಜಿರಾಫೆಯ ಆವರಣದ ಮುಂದೆ ಅರ್ಧ ಗಂಟೆ ನಿಲ್ಲಿ. ಅದು ಕಪ್ಪು ಛಾಯೆಯ ಉದ್ದ ನಾಲಿಗೆಯನ್ನು ಚಾಚಿ, ಸೊಪ್ಪಿನ ಕಡ್ಡಿಗೆ ಸುತ್ತಿ, ಎಲೆಗಳನ್ನು ಸೆಳೆದುಕೊಳ್ಳುವುದನ್ನೂ, ನೆತ್ತಿಯ ಮೇಲಿನ ಕೊಂಬುಗಳಿಗೆ ಚರ್ಮ ಹೊದ್ದಿರುವುದನ್ನೂ ನೋಡಿ. ಈಗ ಒಕಾಪಿಯ ಚಿತ್ರವನ್ನು ತೆಗೆದು ನೋಡಿದರೆ, ಕಾಲಿನ ಪಟ್ಟೆಗಳಿಂದಾಗಿ ಜೀಬ್ರಾದ ಬಳಗದಂತೆ ಕಾಣುವ ಅದು ಯಾರ ಕುಟುಂಬದ್ದು ಎಂಬುದು ತಿಳಿಯುತ್ತದೆ: ತನ್ನ ಕಿವಿಯನ್ನೂ ಮುಟ್ಟಬಲ್ಲ ಅದೇ ಬಗೆಯ ನಾಲಿಗೆ, ಗಂಡಿನ ತಲೆಯ ಮೇಲೆ ಅದೇ ಬಗೆಯ ಕೊಂಬು. ಕಾಂಗೊ ಪ್ರಜಾಸತ್ತಾತ್ಮಕ ಗಣರಾಜ್ಯದ ದಟ್ಟ ಮಳೆಕಾಡಿನಲ್ಲಿ ಮಾತ್ರ ಬದುಕುವ ಈ ಪ್ರಾಣಿಯನ್ನು ವಿಜ್ಞಾನಿಗಳು ಮೊದಲ ಬಾರಿಗೆ ವಿವರಿಸಿದ್ದು 1901ರಲ್ಲಿ. ಅಲ್ಲಿನ ಕಾಡಿನ ಜನರಿಗೆ ಅದು ಮೊದಲಿನಿಂದಲೂ ಗೊತ್ತಿತ್ತು.

ರೂಪವೊಂದನ್ನೇ ನಂಬಿದರೆ ದಾರಿ ತಪ್ಪುತ್ತೇವೆ ಎಂಬುದನ್ನು ಗೆದ್ದಲು ತಿನ್ನುವ ಪ್ರಾಣಿಗಳು ಎಲ್ಲಕ್ಕಿಂತ ಚೆನ್ನಾಗಿ ತೋರಿಸುತ್ತವೆ, ಹಾಗಾಗಿ ಇಲ್ಲಿ ಸ್ವಲ್ಪ ಹೆಚ್ಚು ಸಮಯ ಕೊಡಿ. ಚಿಪ್ಪುಹಂದಿಯ ಎಂಟು ಪ್ರಭೇದಗಳು ಏಷ್ಯಾದಲ್ಲಿ ನಾಲ್ಕು, ಆಫ್ರಿಕಾದಲ್ಲಿ ನಾಲ್ಕು ಎಂದು ಹಂಚಿಹೋಗಿವೆ. ಬಾಯಲ್ಲಿ ಒಂದೂ ಹಲ್ಲಿಲ್ಲದ ಇವುಗಳ ಹತ್ತಿರದ ಸಂಬಂಧ ಹುಲಿ, ನಾಯಿಗಳಂಥ ಮಾಂಸಾಹಾರಿಗಳ ಜೊತೆಗಿದೆ. ಹಂದಿಯ ಮೂತಿ, ಕತ್ತೆಯ ಕಿವಿಗಳಂತೆ ಉದ್ದನೆಯ ಕಿವಿ ಇರುವ ಆರ್ಡ್‌ವಾರ್ಕ್ ಕೂಡ ಬಲವಾದ ಉಗುರುಗಳಿಂದ ಹುತ್ತವನ್ನು ಅಗೆದು, ಅಂಟು ನಾಲಿಗೆಯಿಂದ ಗೆದ್ದಲನ್ನು ನೆಕ್ಕುತ್ತದೆ, ಆದರೆ ಅದಕ್ಕೂ ಚಿಪ್ಪುಹಂದಿಗೂ ಹತ್ತಿರದ ಸಂಬಂಧವಿಲ್ಲ. ಎನಾಮಲ್ ಇಲ್ಲದ, ಸಣ್ಣ ಸಣ್ಣ ಕೊಳವೆಗಳನ್ನು ಒತ್ತಾಗಿ ಜೋಡಿಸಿದಂತಿರುವ ಅದರ ಹಲ್ಲಿನ ರಚನೆ ಬೇರಾವ ಸಸ್ತನಿಯಲ್ಲೂ ಇಲ್ಲ, ಮತ್ತು ಅದರ ಗಣದಲ್ಲಿ ಇಂದು ಉಳಿದಿರುವುದು ಅದೊಂದೇ ಪ್ರಭೇದ. ಅದು ತೋಡಿ ಬಿಟ್ಟ ಬಿಲಗಳಲ್ಲಿ ಕಾಡುಹಂದಿ ಜಾತಿಯ ವಾರ್ಟ್‌ಹಾಗ್ ಮೊದಲಾದ ಹಲವು ಪ್ರಾಣಿಗಳು ಆಶ್ರಯ ಪಡೆಯುತ್ತವೆ. ಮೂರನೆಯದು ಆರ್ಡ್‌ವುಲ್ಫ್. ಇದು ನಮ್ಮ ಕತ್ತೆಕಿರುಬನ ನೇರ ನಂಟ, ಆದರೆ ಮೂಳೆ ಪುಡಿ ಮಾಡುವ ದವಡೆಹಲ್ಲುಗಳ ಜಾಗದಲ್ಲಿ ಇದಕ್ಕಿರುವುದು ಬರೀ ಸಣ್ಣ ಮೊಳೆಯಂಥ ಹಲ್ಲುಗಳು. ಹುತ್ತವನ್ನು ಅಗೆಯದೆ, ರಾತ್ರಿ ಹುಲ್ಲು ಮೇಯಲು ಹೊರಬಂದ ಗೆದ್ದಲುಗಳನ್ನು ನೆಲದ ಮೇಲಿನಿಂದಲೇ ನೆಕ್ಕುವ ಇದು ಒಂದೇ ರಾತ್ರಿಯಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಗೆದ್ದಲುಗಳನ್ನು ತಿನ್ನಬಲ್ಲದು. ಆಹಾರ ಒಂದೇ ಆದರೂ ಮೂರೂ ಬೇರೆ ಬೇರೆ ವಂಶದವು.

ಹಾಗೆಯೇ ನಮ್ಮ ಆನೆಯ ಬಳಗವನ್ನೂ ಹುಡುಕಿ. ಬಂಡೆಗಳ ಸಂದಿಯಲ್ಲಿ ಗುಂಪಾಗಿ ಬದುಕುವ, ಮೊಲದಷ್ಟೇ ಗಾತ್ರದ ಹೈರಾಕ್ಸ್ ಅದರ ಹತ್ತಿರದ ನಂಟ. ಉದ್ದ ಮೂತಿಯ ಪುಟ್ಟ ಸೆಂಗಿ ಸ್ವಲ್ಪ ದೂರದ್ದು. ವಿಜ್ಞಾನಿಗಳ ಕಣ್ಣಿಗೆ ದಶಕಗಳಿಂದ ಬೀಳದಿದ್ದ ಸೊಮಾಲಿ ಸೆಂಗಿ ಜಿಬೂಟಿಯಲ್ಲಿ ಸಿಕ್ಕಿದ ಸುದ್ದಿ 2020ರಲ್ಲಿ ಪ್ರಕಟವಾಯಿತು.

ಓದಿದ್ದನ್ನು ಒಂದು ನೋಟ್‌ಬುಕ್ಕಿನಲ್ಲಿ ಪ್ರಾಣಿಗೊಂದು ಪುಟದಂತೆ ಬರೆದಿಡಿ: ಅದರ ಕುಟುಂಬ, ಆಹಾರ, ಓಡಾಡುವ ಹೊತ್ತು, ನೆಲೆ, ಮತ್ತು ಜೀವಿಗಳ ಅಳಿವಿನ ಅಪಾಯವನ್ನು ತಿಳಿಸುವ ಐಯುಸಿಎನ್ ಕೆಂಪು ಪಟ್ಟಿಯಲ್ಲಿ ಅದರ ಸ್ಥಾನ. ಕೊನೆಯದನ್ನು ಊಹೆಯಿಂದ ಬರೆಯಬೇಡಿ. ಕಾಣಸಿಗುವುದೇ ಅಪರೂಪವಾದ ಆರ್ಡ್‌ವಾರ್ಕ್‌ಗೆ ಆ ಪಟ್ಟಿಯ ಪ್ರಕಾರ ಸದ್ಯಕ್ಕೆ ಅಳಿವಿನ ಭಯವಿಲ್ಲ, ಒಕಾಪಿಗೆ ಇದೆ. ಚಿಪ್ಪುಹಂದಿಗಳಿಗೆ ಕಳ್ಳಬೇಟೆಯ ಕಾಟ ಎಷ್ಟಿದೆಯೆಂದರೆ, ಎಂಟೂ ಪ್ರಭೇದಗಳ ಅಂತರರಾಷ್ಟ್ರೀಯ ವಾಣಿಜ್ಯ ವ್ಯಾಪಾರವನ್ನು ನಿಷೇಧಿಸಲು 2016ರಲ್ಲಿ ದೇಶಗಳು ಒಟ್ಟಾಗಿ ತೀರ್ಮಾನಿಸಬೇಕಾಯಿತು. ಅಂತರ್ಜಾಲದಲ್ಲಿ ಹುಡುಕುವಾಗ ವೈಜ್ಞಾನಿಕ ಹೆಸರನ್ನೇ ಬಳಸಿ, ಮತ್ತು ವಾಟ್ಸ್ಆ್ಯಪ್‌ನಲ್ಲಿ ಬಂದ ಚಿತ್ರವನ್ನು ಐನ್ಯಾಚುರಲಿಸ್ಟ್‌ನಂಥ ತಾಣದಲ್ಲಿರುವ, ಸ್ಥಳ ಮತ್ತು ದಿನಾಂಕ ನಮೂದಾದ ಚಿತ್ರಗಳೊಂದಿಗೆ ಹೋಲಿಸದೆ ನಂಬಬೇಡಿ. ಕಂಪ್ಯೂಟರ್ ಸೃಷ್ಟಿಸಿದ ಸುಳ್ಳು ಪ್ರಾಣಿಗಳು ಈಗ ಬಹಳ ಓಡಾಡುತ್ತಿವೆ.

ಪುಟದ ಪಕ್ಕದಲ್ಲಿ ಆಫ್ರಿಕಾದ ಖಾಲಿ ನಕ್ಷೆಯೊಂದನ್ನು ಅಂಟಿಸಿ, ಪ್ರಾಣಿ ಇರುವ ಪ್ರದೇಶಕ್ಕೆ ಪೆನ್ಸಿಲ್‌ನಲ್ಲಿ ಬಣ್ಣ ತುಂಬಿರಿ. ಮನೆಯಲ್ಲಿ ಮಕ್ಕಳಿದ್ದರೆ ಈ ಕೆಲಸವನ್ನು ಅವರಿಗೇ ವಹಿಸುವುದು ಒಳ್ಳೆಯದು. ಆರ್ಡ್‌ವುಲ್ಫ್‌ನ ನಕ್ಷೆಯಲ್ಲಿ ಪೂರ್ವಕ್ಕೊಂದು, ದಕ್ಷಿಣಕ್ಕೊಂದು ಎಂದು ಎರಡು ತುಂಡುಗಳಾಗಿ ಬಣ್ಣ ಬೀಳುತ್ತದೆ. ಆ ನಡುವಿನ ಜಾಗಕ್ಕೆ ಕಾಡು ಮತ್ತು ಮಳೆಯ ನಕ್ಷೆಯನ್ನು ಹೊಂದಿಸಿ ನೋಡಿದರೆ, ಜಾಂಬಿಯಾ ಮತ್ತು ದಕ್ಷಿಣ ಟಾಂಜಾನಿಯಾದ ಹೆಚ್ಚು ಮಳೆ ಬೀಳುವ ಕಾಡುಗಳೇ ಬಯಲು ಹುಲ್ಲುಗಾವಲಿನ ಆ ಪ್ರಾಣಿಯ ಎರಡು ನೆಲೆಗಳನ್ನು ಬೇರ್ಪಡಿಸಿರುವುದು ಗೊತ್ತಾಗುತ್ತದೆ.