ಮೊದಲು ಬಾಗಿಲು, ಆಮೇಲೆ ಫುಟ್‌ಪಾತ್

ನಡೆದು ಓಡಾಡುವಂಥ ಬಡಾವಣೆ ಮಾಡೋಣ ಎಂದು ಜನ ನನ್ನನ್ನು ಕರೆದಾಗ ಮೇಜಿನ ಮೇಲೆ ಎರಡು ನಕ್ಷೆ ಕಾದಿರುತ್ತವೆ. ಒಂದು ಭೂಬಳಕೆಯದು, ಇನ್ನೊಂದು ರಸ್ತೆ ಮತ್ತು ಬಸ್ಸಿನದು. ಒಂದನ್ನು ಬರೆದವರು ಇನ್ನೊಂದನ್ನು ನೋಡಿರುವುದು ಅಪರೂಪ. ಹಾಗಾಗಿ ಮೊದಲು ಎರಡನ್ನೂ ಒಂದೇ ಅಳತೆಗೆ ತನ್ನಿ. ಒಂದನ್ನು ಟ್ರೇಸಿಂಗ್ ಹಾಳೆಗೆ ಇಳಿಸಿ ಮತ್ತೊಂದರ ಮೇಲೆ ಹಾಸಿ.

ಈಗ ಕೆಂಪು ಪೆನ್ನು ಹಿಡಿದು ಬಾಗಿಲುಗಳನ್ನು ಗುರುತಿಸಿ. ಶಾಲೆಯ ಗೇಟು, ಆಸ್ಪತ್ರೆಯ ಗೇಟು, ಪಾರ್ಕಿನ ಗೇಟು, ಬಸ್ ನಿಲ್ಲುವ ಜಾಗ. ಕಟ್ಟಡ ಎಲ್ಲಿದೆ ಎಂಬುದಲ್ಲ, ಒಳಗೆ ಹೋಗುವುದು ಎಲ್ಲಿಂದ ಎಂಬುದು ಮುಖ್ಯ. ಮನೆಯ ಹಿಂದೆಯೇ ಶಾಲೆ ಇದ್ದರೂ ಗೇಟು ಆ ಕಡೆಯ ರಸ್ತೆಗಿದ್ದರೆ ಮಗುವಿಗೆ ಅದು ದೂರದ ಶಾಲೆಯೇ.

ಮುಂದಿನ ಹಂತದಲ್ಲಿ ಎಲ್ಲರೂ ಕೈವಾರ ಹುಡುಕುತ್ತಾರೆ. 1929ರಲ್ಲಿ ಅಮೆರಿಕದ ನಗರ ಯೋಜಕ ಕ್ಲಾರೆನ್ಸ್ ಪೆರಿ ಕಾಲು ಮೈಲಿ, ಅಂದರೆ ಸುಮಾರು 400 ಮೀಟರ್, ತ್ರಿಜ್ಯದ ವೃತ್ತದ ಲೆಕ್ಕದಲ್ಲಿ ನೆರೆಹೊರೆ ಕಲ್ಪಿಸಿದ ಮೇಲೆ ಆ ವೃತ್ತ ಯೋಜಕರ ಕೈ ಬಿಟ್ಟಿಲ್ಲ. ಅಳತೆ ಒಳ್ಳೆಯದೇ, ಐದು ನಿಮಿಷದ ನಡಿಗೆ. ಆದರೆ ಜನ ಗೋಡೆ ತೂರಿ ನಡೆಯುವುದಿಲ್ಲವಲ್ಲ! ವೃತ್ತದ ವಿಸ್ತೀರ್ಣ ಸುಮಾರು 50 ಹೆಕ್ಟೇರ್. ರಸ್ತೆಗಳು ಚೌಕಚೌಕವಾಗಿ, ದಟ್ಟವಾಗಿದ್ದರೂ 400 ಮೀಟರ್ ನಡಿಗೆಯೊಳಗೆ ಸಿಗುವುದು ಸುಮಾರು 32 ಹೆಕ್ಟೇರ್. ಮುಂದೆ ದಾರಿಯಿಲ್ಲದ ರಸ್ತೆಗಳು, ಉದ್ದುದ್ದ ಕಾಂಪೌಂಡುಗಳು ತುಂಬಿದ್ದರೆ ಇನ್ನೂ ಕಡಿಮೆ. ಆದ್ದರಿಂದ ಕೈವಾರ ಬಿಟ್ಟು ದಾರ ಹಿಡಿಯಿರಿ. ನಕ್ಷೆಯ ಅಳತೆಯಲ್ಲಿ 400 ಮೀಟರಿಗೆ ಸಮನಾದ ದಾರವನ್ನು ಬಸ್ ಸ್ಟಾಪಿನಿಂದ ಪ್ರತಿ ರಸ್ತೆಯ ಮೇಲೂ ಎಳೆದು, ಅದು ಮುಗಿದಲ್ಲೆಲ್ಲ ಚುಕ್ಕೆ ಇಡಿ. ಚುಕ್ಕೆಗಳನ್ನು ಸೇರಿಸಿದರೆ ಸೊಟ್ಟ ಆಕಾರವೊಂದು ಬರುತ್ತದೆ. ನಿಮ್ಮ ನಿಜವಾದ ನೆರೆಹೊರೆ ಅದು.

ಆ ಆಕಾರ ಎಲ್ಲಿ ಒಳಕ್ಕೆ ಕುಸಿದಿದೆಯೋ ಅಲ್ಲಿಗೆ ಹೋಗಿ ನೋಡಿ. ಬಹಳ ಸಲ ಒಂದು ಗೋಡೆ ಅಥವಾ ಹಳ್ಳ ಸಿಗುತ್ತದೆ. ಅಲ್ಲೊಂದು ಕಾಲುದಾರಿ, ಕಿರುಸೇತುವೆ, ಎರಡನೇ ಗೇಟು ಆದರೆ ಹತ್ತಾರು ಮನೆಗಳು ಒಮ್ಮೆಗೇ ಒಳಬರುತ್ತವೆ. ಖರ್ಚಿಗೆ ಹೋಲಿಸಿದರೆ ಇಷ್ಟು ಫಲ ಕೊಡುವ ಕೆಲಸ ಇನ್ನೊಂದನ್ನು ನಾನು ಕಂಡಿಲ್ಲ. ಹೊಸ ಬಡಾವಣೆಯಾದರೆ ಅಡ್ಡರಸ್ತೆಗಳನ್ನು ಹತ್ತಿರ ಹತ್ತಿರ ಇಡಿಸಿ. ಅಮೆರಿಕದ ಪೋರ್ಟ್‌ಲ್ಯಾಂಡ್ ನಗರದ ನಡುಭಾಗದಲ್ಲಿ ರಸ್ತೆಯಿಂದ ರಸ್ತೆಗೆ ಇರುವ ಬ್ಲಾಕು 200 ಅಡಿ ಮಾತ್ರ.

ಇನ್ನು ಭೂಬಳಕೆ. ಹೆಚ್ಚು ಜನ ಬರುವ, ಹೆಚ್ಚು ಜನ ವಾಸಿಸುವ ಕಟ್ಟಡಗಳು ಆ ಆಕಾರದ ಒಳಗೇ ಇರಲಿ, ಸ್ಟಾಪಿಗೆ ಹತ್ತಿರವಾದಷ್ಟೂ ಎತ್ತರ. ಬ್ರೆಜಿಲ್‌ನ ಕುರಿಚಿಬಾ 1970ರ ದಶಕದಲ್ಲಿ ಮಾಡಿದ್ದು ಇದನ್ನೇ: ಬಸ್ಸಿಗೆ ಪ್ರತ್ಯೇಕ ಪಥ ಕೊಟ್ಟ ರಸ್ತೆಗಳ ಉದ್ದಕ್ಕೂ ಎತ್ತರದ ಕಟ್ಟಡಗಳಿಗೆ ಅನುಮತಿ, ಅಲ್ಲಿಂದ ದೂರ ಹೋದಂತೆ ತಗ್ಗು. ಬಸ್ಸಿಗೆ ಜನ ಸಿಕ್ಕರು, ಜನಕ್ಕೆ ಬಸ್ಸು ಸಿಕ್ಕಿತು. ಬಸ್ ಬರುವ ಮೊದಲು ಮನೆಯೋ, ಮನೆಗಿಂತ ಮೊದಲು ಬಸ್ಸೋ ಎಂದು ಸಭೆಗಳಲ್ಲಿ ಗಂಟೆಗಟ್ಟಲೆ ವಾದ ನಡೆಯುತ್ತದೆ. ಎರಡನ್ನೂ ಒಂದೇ ಆದೇಶದಲ್ಲಿ ಬರೆಸಿ.

ಪಾರ್ಕಿಂಗ್ ಬಗ್ಗೆ ನಾನು ಸ್ವಲ್ಪ ಹಟಮಾರಿ. ನಿಂತ ಕಾರಿಗೆ 2.5 ಮೀಟರ್ ಅಗಲ, 5 ಮೀಟರ್ ಉದ್ದ ಸಾಕು ಎನ್ನುತ್ತಾರೆ. ತಿರುಗಿಸುವ ಜಾಗ ಸೇರಿದರೆ ಅದು ದುಪ್ಪಟ್ಟಾಗುತ್ತದೆ. ಪ್ರತಿ ಕಟ್ಟಡವೂ ಇಷ್ಟು ಕಾರಿಗೆ ಜಾಗ ಬಿಡಲೇಬೇಕು ಎಂಬ ನಿಯಮವಿದ್ದರೆ ಬಾಗಿಲುಗಳು ಒಂದಕ್ಕೊಂದು ದೂರ ಸರಿಯುತ್ತವೆ, ನಡುವೆ ಬಿಸಿಲು ಕಾಯುವ ಬಯಲು ಉಳಿಯುತ್ತದೆ. ಅಮೆರಿಕದ ಬಫಲೋ ನಗರ 2017ರಲ್ಲಿ ಅಂಥ ಕಡ್ಡಾಯವನ್ನೇ ಕೈಬಿಟ್ಟಿತು. ಸ್ಟಾಪಿನ ಸುತ್ತಲಾದರೂ ಅದನ್ನು ತೆಗೆಸಿ.

ರಸ್ತೆ ದಾಟುವುದನ್ನು ಬೇಗ ಮುಗಿಸುತ್ತೇನೆ. ನಡಿಗೆ ಸೆಕೆಂಡಿಗೆ 1.2 ಮೀಟರ್ ಎಂದಿಟ್ಟರೆ 12 ಮೀಟರ್ ರಸ್ತೆಗೆ 10 ಸೆಕೆಂಡ್ ಬೇಕು, ವಯಸ್ಸಾದವರಿಗೆ ಇನ್ನೂ ಹೆಚ್ಚು. ಸಿಗ್ನಲ್ ಅಷ್ಟು ಕೊಡುತ್ತದೆಯೇ ಎಂದು ನಿಂತು ನೋಡಿ. ತಿರುವಿನ ಮೂಲೆಗಳನ್ನು ಕಿರಿದು ಮಾಡಿಸಿ, ಗಾಡಿಗಳ ವೇಗ ತಾನಾಗಿ ಇಳಿಯುತ್ತದೆ.

ಫುಟ್‌ಪಾತಿನ ಅಂದಾಜುಪಟ್ಟಿ ಇಷ್ಟೆಲ್ಲ ಆದಮೇಲೆ. ದಾರ ಎಳೆದಾಗ ಹೆಚ್ಚು ಬಾಗಿಲು ಸಿಕ್ಕ ರಸ್ತೆಗೆ ಮೊದಲ ಸರದಿ, ಕಂಬ ಮರಗಳನ್ನು ಬಿಟ್ಟು 1.8 ಮೀಟರ್ ಖಾಲಿ ಅಗಲ ಇರಲಿ. ಎರಡು ಗಾಲಿಕುರ್ಚಿಗಳು ಎದುರುಬದುರಾದರೂ ದಾಟಿಹೋಗಬೇಕು.