ಚುಕ್ಕೆ ಚುಕ್ಕೆಯ ಹುಟ್ಟುಮಚ್ಚೆಗೆ ಲೆಕ್ಕ ಇಡುವ ಕ್ರಮ

ತಿಳಿಗಂದು ಬಣ್ಣದ ಮಚ್ಚೆ, ಅದರ ಮೇಲೆ ಸಾಸಿವೆ ಚೆಲ್ಲಿದ ಹಾಗೆ ಕಡುಗಂದು ಚುಕ್ಕೆಗಳು. ವೈದ್ಯರ ಭಾಷೆಯಲ್ಲಿ ಇದು ನೀವಸ್ ಸ್ಪೈಲಸ್. ಹುಟ್ಟಿದಾಗ ಬರೀ ತಿಳಿಗಂದು ಕಲೆ ಮಾತ್ರ ಇರಬಹುದು. ಚುಕ್ಕೆ ಮೂಡಲು ತಿಂಗಳುಗಳು, ಕೆಲವೊಮ್ಮೆ ವರ್ಷಗಳೇ ಹಿಡಿಯುತ್ತವೆ. ಹಾಗಾಗಿ ಮೂರು ವರ್ಷದ ಮಗುವಿನ ಮಚ್ಚೆಯಲ್ಲಿ ಹೊಸ ಚುಕ್ಕೆ ಕಂಡ ಮಾತ್ರಕ್ಕೆ ಕಂಗಾಲಾಗುವುದು ಬೇಡ. ಬಸುರಿಯಲ್ಲಿ ಗ್ರಹಣ ನೋಡಿದ್ದಕ್ಕೆ ಬಂತು ಎನ್ನುವುದೂ ಸುಳ್ಳು.

ಕ್ಯಾನ್ಸರ್ ಆಗುವ ಸಾಧ್ಯತೆ ಕಡಿಮೆ, ಆದರೆ ಇಲ್ಲವೇ ಇಲ್ಲ ಎನ್ನುವಂತಿಲ್ಲ. ಅದಕ್ಕೇ ಮೂರು ತಿಂಗಳಿಗೊಮ್ಮೆ ಫೋಟೋ ತೆಗೆದಿಡಿ. ಮೊದಲು ತೆಂಗಿನೆಣ್ಣೆ, ಅರಸಿನ ಇದ್ದರೆ ಸೋಪು ಹಾಕಿ ತೊಳೆದು ಒರೆಸಿ: ಎಣ್ಣೆ ಹೊಳೆದರೆ ಚುಕ್ಕೆಯ ಅಂಚು ಕಾಣುವುದಿಲ್ಲ, ಅರಸಿನ ಇದ್ದರೆ ಬಣ್ಣವೇ ಸುಳ್ಳು ಹೇಳುತ್ತದೆ. ಬೆಳಗ್ಗೆ ಹತ್ತರ ಹೊತ್ತಿಗೆ ಜಗಲಿಯ ನೆರಳಲ್ಲಿ, ಫ್ಲಾಶ್ ಇಲ್ಲದೆ, ಪಕ್ಕದಲ್ಲಿ ಮಿಲಿಮೀಟರ್ ಗೆರೆಯ ಸ್ಕೇಲ್ ಇಟ್ಟು, ನೇರ ಮೇಲಿನಿಂದ ತೆಗೆಯಿರಿ. ಆಟಿಯ ಮಳೆಯ ಮಬ್ಬು ಬೆಳಕಿನ ಫೋಟೋವನ್ನು ಮಾರ್ಚಿನ ಬಿಸಿಲಿನದ್ದಕ್ಕೆ ಹೋಲಿಸಬೇಡಿ. ಬಿಸಿಲಿಗೆ ಚುಕ್ಕೆ ಕಪ್ಪಾಗುವುದು ಸಹಜ, ಹಿಂದಿನ ವರ್ಷದ ಅದೇ ತಿಂಗಳಿನದ್ದರ ಜೊತೆ ಇಟ್ಟು ನೋಡಿ. ಮಗು ಬೆಳೆದಂತೆ ಮಚ್ಚೆಯೂ ಅದೇ ಪ್ರಮಾಣದಲ್ಲಿ ಹಿಗ್ಗುತ್ತದೆ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಚುಕ್ಕೆಗಳನ್ನು ಎಣಿಸುತ್ತಾ ಕೂತು ಪ್ರಯೋಜನವಿಲ್ಲ. ಹೆಚ್ಚಿನವು 1ರಿಂದ 3 ಮಿಲಿಮೀಟರ್ ಇರುತ್ತವೆ. ಹುಡುಕಬೇಕಾದದ್ದು ಉಳಿದವುಗಳ ಜೊತೆ ಹೊಂದದ ಒಂಟಿ ಚುಕ್ಕೆಯನ್ನು. ಅದು 6 ಮಿಲಿಮೀಟರ್ ದಾಟಿದರೆ, ಅಂಚು ಹರಕಲಾದರೆ, ಕಪ್ಪು, ನೀಲಿ, ಕೆಂಪು ಬೆರೆತರೆ, ದಿಢೀರನೆ ಉಬ್ಬಿದರೆ, ರಕ್ತ ಒಸರಿದರೆ ಮುಂದಿನ ಫೋಟೋದ ದಿನಕ್ಕೆ ಕಾಯದೆ ಚರ್ಮವೈದ್ಯರಿಗೆ ತೋರಿಸಿ. ಮೊದಲಿಂದಲೂ ಉಬ್ಬು ಚುಕ್ಕೆಗಳೇ ಇರುವ ಬಗೆಯೂ ಉಂಟು. ಆ ಬಗೆಯಲ್ಲಿ ಅಪರೂಪಕ್ಕೆ ಮಚ್ಚೆ ಇರುವ ಬದಿಯ ಕೈಕಾಲಲ್ಲಿ ಬಲ ಕುಗ್ಗುವುದು, ಅಲ್ಲಿ ಮಾತ್ರ ವಿಪರೀತ ಬೆವರುವುದು ಇರುತ್ತದೆ. ಕೇಳದಿದ್ದರೂ ವೈದ್ಯರಿಗೆ ಹೇಳಿ.

ಮಚ್ಚೆ ಸುಡಲು ಗೇರುಬೀಜದ ಸಿಪ್ಪೆಯ ಎಣ್ಣೆಯನ್ನೋ ಸುಣ್ಣವನ್ನೋ ಹಚ್ಚಲೇಬೇಡಿ. ಚರ್ಮ ಬೆಂದು ಗಾಯದ ಗುರುತು ಉಳಿಯುತ್ತದೆ, ಆಮೇಲೆ ಚುಕ್ಕೆ ಬದಲಾದರೂ ಗುರುತಿಸುವುದು ಕಷ್ಟ. ಲೇಸರಿನಿಂದ ಬಣ್ಣ ತಿಳಿಯಾಗಬಹುದು, ಆದರೆ ಹಲವು ಸಲ ಹೋಗಬೇಕು, ಮತ್ತೆ ಮೂಡುವುದೂ ಉಂಟು. ಚರ್ಮವನ್ನು ದೊಡ್ಡದಾಗಿ ತೋರಿಸುವ ಡರ್ಮೋಸ್ಕೋಪಿನಲ್ಲಿ ಪರೀಕ್ಷಿಸದೆ ಲೇಸರಿಗೆ ಒಪ್ಪಬೇಡಿ.

ಕಾಸರಗೋಡಿನಲ್ಲಿ ಮಲಯಾಳ ಮಾತ್ರ ಬಲ್ಲ ವೈದ್ಯರು ಸಿಕ್ಕರೆ ‘ಮರುಕ್’ ಎಂದರೆ ಸಾಕು, ಉಳಿದದ್ದನ್ನು ತಾರೀಕು ಹಾಕಿದ ಫೋಟೋಗಳೇ ಹೇಳುತ್ತವೆ. ಬಯಾಪ್ಸಿ ಬೇಕೆಂದರೂ ಸಾಮಾನ್ಯವಾಗಿ ಅನುಮಾನದ ಚುಕ್ಕೆಯನ್ನಷ್ಟೇ ತೆಗೆಯುತ್ತಾರೆ, ಇಡೀ ಮಚ್ಚೆಯನ್ನಲ್ಲ.