ಮೈಕಿನ ತಂತಿ ಬೆಸೆಯುವ ಮೊದಲು ರಿಂಗಿನ ವೋಲ್ಟೇಜು ನೋಡಿ

ಸೌಂಡ್ ಕಾರ್ಡಿಗೆ ಯಾವ ಮೈಕು ಜೋಡಿಸುವುದಿದ್ದರೂ ನಾನು ಮೊದಲು ಕೈಗೆತ್ತಿಕೊಳ್ಳುವುದು ಮಲ್ಟಿಮೀಟರನ್ನು. ಮೈಕ್ ಸಾಕೆಟ್ಟಿಗೆ ಖಾಲಿ 3.5 ಮಿ.ಮೀ. ಸ್ಟೀರಿಯೊ ಪ್ಲಗ್ ಸಿಕ್ಕಿಸಿ, ರಿಂಗ್ (ಪ್ಲಗ್ಗಿನ ನಡುವಿನ ಉಂಗುರ) ಮತ್ತು ಸ್ಲೀವ್ (ಬುಡದ ಲೋಹದ ಭಾಗ) ನಡುವೆ ಡಿಸಿ ವೋಲ್ಟೇಜು ಅಳೆಯುತ್ತೇನೆ. ಸಾಮಾನ್ಯವಾಗಿ 2ರಿಂದ 5 ವೋಲ್ಟ್ ಸಿಗುತ್ತದೆ. ಎಲೆಕ್ಟ್ರೆಟ್ ಕ್ಯಾಪ್ಸೂಲಿನ (ಚಾರ್ಜು ತುಂಬಿಟ್ಟ ಗುಂಡಿಯಂಥ ಮೈಕು) ಒಳಗೆ ಕೂತಿರುವ ಪುಟ್ಟ ಫೆಟ್ ಎಂಬ ಟ್ರಾನ್ಸಿಸ್ಟರ್ ಕೆಲಸ ಮಾಡುವುದು ಇದರಿಂದಲೇ. ದನಿ ಬರುವುದು ಟಿಪ್‌ಗೆ (ಪ್ಲಗ್ಗಿನ ತುದಿಗೆ), ಸ್ಲೀವ್ ಗ್ರೌಂಡ್. ಕೆಲವು ಮದರ್‌ಬೋರ್ಡುಗಳಲ್ಲಿ ಟಿಪ್‌ನಲ್ಲೂ ವೋಲ್ಟೇಜು ಇರುತ್ತದೆ, ಅದನ್ನೂ ಗುರುತು ಹಾಕಿಟ್ಟುಕೊಳ್ಳಿ.

ಎರಡು ಕಾಲಿನ ಕ್ಯಾಪ್ಸೂಲನ್ನು ಮಗುಚಿ ಹಿಂಬದಿ ನೋಡಿ. ಒಂದು ಬೆಸುಗೆ ಚುಕ್ಕೆಯಿಂದ ಸಣ್ಣ ಗೆರೆಗಳು ಹೊರಟು ಲೋಹದ ಕವಚಕ್ಕೆ ತಾಗಿರುತ್ತವೆ. ಅದು ಗ್ರೌಂಡ್, ಕೇಬಲ್ಲಿನ ಶೀಲ್ಡ್ (ಒಳತಂತಿಯನ್ನು ಸುತ್ತಿರುವ ಲೋಹದ ಹೊದಿಕೆ) ಅಲ್ಲಿಗೆ. ಒಳತಂತಿ ಇನ್ನೊಂದು ಚುಕ್ಕೆಗೆ. ಪ್ಲಗ್ಗಿನ ಕಡೆ ಒಳತಂತಿಯನ್ನು ಟಿಪ್ ಮತ್ತು ರಿಂಗ್ ಎರಡಕ್ಕೂ ಸೇರಿಸಿ ಬೆಸೆಯುತ್ತೇನೆ. ತಂತಿಗೆ ಮೊದಲೇ ಸೀಸ ಹತ್ತಿಸಿಟ್ಟರೆ ಕ್ಯಾಪ್ಸೂಲಿಗೆ ಐರನ್ ಎರಡು ಸೆಕೆಂಡು ಮುಟ್ಟಿಸಿದರೆ ಸಾಕು. ಅದಕ್ಕಿಂತ ಕಾಯಿಸಿದರೆ ಒಳಗಿನ ಚಾರ್ಜು ಇಳಿದು, ಮೈಕು ಬದುಕಿದ್ದರೂ ದನಿ ಕ್ಷೀಣಿಸುತ್ತದೆ.

ಕಾಯಿಲ್ ಮತ್ತು ಅಯಸ್ಕಾಂತದಿಂದ ದನಿ ಹಿಡಿಯುವ ಡೈನಾಮಿಕ್ ಮೈಕಿಗೆ ಈ ವೋಲ್ಟೇಜು ಬೇಡವೇ ಬೇಡ. ಅದರ ಮೂರು ಪಿನ್ನಿನ ಕನೆಕ್ಟರ್ ಆದ ಎಕ್ಸ್‌ಎಲ್‌ಆರ್‌ನ 2ನೇ ಪಿನ್ ಟಿಪ್‌ಗೆ, 1 ಮತ್ತು 3 ಒಟ್ಟಿಗೆ ಸ್ಲೀವ್‌ಗೆ, ರಿಂಗ್ ಖಾಲಿ. ಬಹಳ ಜನ ಎಡವುವುದು ಇಲ್ಲೇ. ಎಷ್ಟೋ ಸಿದ್ಧ ಕೇಬಲ್ಲುಗಳಲ್ಲಿ 3ನೇ ಪಿನ್ ರಿಂಗಿಗೆ ಹೋಗಿರುತ್ತದೆ. ಆಗ ಮೈಕಿನ ಕಾಯಿಲ್ ಮೂಲಕ ಡಿಸಿ ಹರಿದು, ಪೊರೆ ಒಂದು ಕಡೆಗೆ ವಾಲಿ ದನಿ ಕೆಡಬಹುದು. ಸ್ಟೀರಿಯೊ ಇನ್‌ಪುಟ್ ಆದರೆ ಎಡಬಲ ಒಂದಕ್ಕೊಂದು ವಿರುದ್ಧವಾಗಿ ದಾಖಲಾಗುತ್ತವೆ. ಎರಡನ್ನೂ ಸೇರಿಸಿ ಮೊನೊ ಮಾಡಿದ ಕ್ಷಣ ಮಾತು ಬಹುತೇಕ ಮಾಯ. ಟಿಪ್‌ನಲ್ಲೂ ವೋಲ್ಟೇಜು ಇದ್ದರೆ ಅದರ ದಾರಿಯಲ್ಲಿ 10 ಮೈಕ್ರೊಫ್ಯಾರಡ್ ಕೆಪಾಸಿಟರ್ ಹಾಕಿ, ಪ್ಲಸ್ ಕಾಲು ಕಾರ್ಡಿನ ಕಡೆಗಿರಲಿ.

ಡೈನಾಮಿಕ್ ಮೈಕು ಕೊಡುವುದು ಕೆಲವೇ ಮಿಲಿವೋಲ್ಟ್. ಮೈಕ್ ಬೂಸ್ಟ್ ಏರಿಸಿದಾಗ ಬರೀ ಸುಯ್ ಶಬ್ದ ಹೆಚ್ಚಾದರೆ ತಂತಿ ಬದಲಿಸಿ ಫಲವಿಲ್ಲ. ದನಿಯನ್ನು ಮೊದಲೇ ಹಿಗ್ಗಿಸುವ ಪ್ರೀಆಂಪ್ ಇಟ್ಟು ಲೈನ್ ಇನ್‌ಗೆ ಕೊಡಬೇಕು. 48 ವೋಲ್ಟ್ ಫ್ಯಾಂಟಮ್ (ಕೇಬಲ್ಲಿನಲ್ಲೇ ಮೈಕಿಗೆ ಕಳಿಸುವ ವಿದ್ಯುತ್) ಬೇಡುವ ಕಂಡೆನ್ಸರ್ ಮೈಕಂತೂ ಇಂಥ ಸಾಕೆಟ್ಟಿನಲ್ಲಿ ನಡೆಯುವುದಿಲ್ಲ.

ಮೈಕು, ಹೆಡ್‌ಫೋನು ಎರಡಕ್ಕೂ ಇರುವ ಲ್ಯಾಪ್‌ಟಾಪಿನ ಒಂದೇ ಸಾಕೆಟ್ಟಿಗೆ ನಾಲ್ಕು ಸಂಪರ್ಕದ ಪ್ಲಗ್ ಬೇಕು. ಈಗ ಹೆಚ್ಚು ಬಳಕೆಯಲ್ಲಿರುವ ಜೋಡಣೆಯಲ್ಲಿ ಮೈಕು ಇರುವುದು ಸ್ಲೀವ್‌ನಲ್ಲಿ, ಗ್ರೌಂಡ್ ಅದರ ಪಕ್ಕದ ರಿಂಗಿನಲ್ಲಿ. ಮೂರು ಸಂಪರ್ಕದ ಪ್ಲಗ್ ಹಾಕಿದರೆ ಇವೆರಡೂ ಶಾರ್ಟ್ ಆಗಿ ಮೈಕು ಕಾಣಿಸುವುದೇ ಇಲ್ಲ. ಮೈಕು ಮತ್ತು ಹೆಡ್‌ಫೋನು ಬೇರ್ಪಡಿಸುವ ಸ್ಪ್ಲಿಟರ್ ಬಳಸಿ.

ಗುಂಯ್ ಎನ್ನುತ್ತಿದ್ದರೆ ಚಾರ್ಜರ್ ಕಿತ್ತು ನೋಡಿ. ನಿಂತರೆ ತೊಂದರೆ ಚಾರ್ಜರಿನ ಕಡೆಯದು. ನಿಲ್ಲದೆ, ಮೈಕಿನ ಲೋಹ ಮುಟ್ಟಿದಾಗ ಶಬ್ದ ಬದಲಾದರೆ ಶೀಲ್ಡ್ ಎಲ್ಲೋ ಬಿಟ್ಟುಕೊಂಡಿದೆ. ಮೊದಲು ಪ್ಲಗ್ಗಿನ ಮುಚ್ಚಳ ಬಿಚ್ಚಿ ನೋಡಿ.